ನೊಯ್ಯಲಿನ ಜಮಾಖರ್ಚು

ನಮ್ಮ ಕಡೆಯ ಮನೆಗಳಲ್ಲಿ ತಿರುಪ್ಪೂರಿನ ಬನಿಯನ್ ಇಲ್ಲದ ಕಪಾಟು ಸಿಗುವುದು ಕಷ್ಟ. ಕುಂಬಳೆಯ ಜವಳಿ ಅಂಗಡಿಯಲ್ಲಿ ಕೊಂಡಿರಲಿ, ಬದಿಯಡ್ಕದ ಸಂತೆಯಲ್ಲಿ ಕೊಂಡಿರಲಿ, ಕುತ್ತಿಗೆಯ ಹಿಂಬದಿಯ ಚೀಟಿಯನ್ನು ತಿರುಗಿಸಿ ನೋಡಿದರೆ ಬಹುತೇಕ ಅದೇ ಊರಿನ ಹೆಸರು. ಮಂಗಳೂರಿನಿಂದ ಕಾಸರಗೋಡಿನ ಮೇಲೆ ಹಾದು, ಶೊರನೂರಿನಲ್ಲಿ ತಿರುಗಿ, ಪಾಲಕ್ಕಾಡಿನ ಕಣಿವೆ ದಾಟಿ ಕೊಯಮತ್ತೂರಿಗೆ ಹೋಗುವ ರೈಲಿನಲ್ಲಿ ನಮ್ಮವರು ಚಿಕಿತ್ಸೆಗೆಂದೂ ಓದಿಗೆಂದೂ ಮದುವೆಯ ಜವಳಿಗೆಂದೂ ಪ್ರಯಾಣ ಮಾಡುತ್ತಲೇ ಬಂದಿದ್ದಾರೆ. ಹಾಗಾಗಿ ಆ ಸೀಮೆ ನಮಗೆ ಪರಕೀಯವೇನಲ್ಲ. ಆದರೆ ಆ ಬನಿಯನ್ನಿನ ಬೆಲೆಯಲ್ಲಿ ಏನೇನು ಸೇರಿದೆ ಎಂದು ನಾವು ಕೇಳಿದವರಲ್ಲ. ನೂಲಿನ ಬೆಲೆ, ಬಣ್ಣದ ಬೆಲೆ, ಕೂಲಿ, ವಿದ್ಯುತ್ತು, ಲಾರಿ ಬಾಡಿಗೆ, ವ್ಯಾಪಾರಿಯ ಲಾಭ ಇಷ್ಟೂ ಅದರಲ್ಲಿ ಸೇರಿವೆ. ಸೇರದೆ ಉಳಿದದ್ದು ಒಂದು ನದಿ. ಆ ನದಿಯ ಹೆಸರು ನೊಯ್ಯಲ್. ಲೆಕ್ಕಕ್ಕೆ ಸೇರದ ಆ ನದಿಯನ್ನು ಯಾರು, ಯಾವಾಗ, ಎಷ್ಟರಮಟ್ಟಿಗೆ ಲೆಕ್ಕಕ್ಕೆ ತಂದರು ಎಂಬುದು ಈ ಬರಹದ ವಿಷಯ.

ಮೊದಲು ಆ ನೆಲದ ಪರಿಚಯ. ಕೊಯಮತ್ತೂರು ಸೀಮೆಯನ್ನು ಕೊಂಗುನಾಡು ಎಂದು ಕರೆಯುವುದು ರೂಢಿ. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಒಡೆಯರ ಕೈ ಅಲ್ಲಿಗೆ ಚಾಚಿತು. ಹೈದರ್ ಮತ್ತು ಟಿಪ್ಪುವಿನ ಕಾಲವನ್ನೂ ಕಂಡು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಕುಂಪಣಿಯ ವಶವಾಯಿತು. ಹೊಯ್ಸಳರ ದಂಡನಾಯಕರ ಹೆಸರನ್ನು ಹೊತ್ತ ದಣ್ಣಾಯಕನ ಕೋಟೆ ಇದ್ದದ್ದೂ ಅಲ್ಲೇ ಸಮೀಪದಲ್ಲಿ. 1950ರ ದಶಕದಲ್ಲಿ ಭವಾನಿಸಾಗರ ಅಣೆಕಟ್ಟು ಕಟ್ಟಿದಾಗ ಅದು ನೀರಿನಡಿಗೆ ಹೋಯಿತು. ಮನೆಯೊಳಗೆ ಕನ್ನಡವಾಡುತ್ತ, ಹೊರಗೆ ತಮಿಳು ಬರೆಯುತ್ತ ಬಾಳುವ ದೇವಾಂಗ ನೇಕಾರರ ಕುಟುಂಬಗಳು ಕೊಯಮತ್ತೂರು, ಈರೋಡು, ಸೇಲಂ ಸೀಮೆಗಳಲ್ಲಿ ಇಂದಿಗೂ ಇವೆ. ಮಕ್ಕಳಿಗೆ ಮನೆಮಾತಿನ ಅಕ್ಷರ ಕಲಿಸುವ ಪಾಡು ಎಂಥದೆಂದು ಈ ಸಂಚಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಆ ನೇಕಾರರಿಗೆ ಅಕ್ಷರ ತಪ್ಪಿದರೂ ಬಟ್ಟೆ ತಪ್ಪಲಿಲ್ಲ.

ಬಟ್ಟೆ ಮತ್ತು ಲೆಕ್ಕ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದಾಗ ಮೈಸೂರು ಸೀಮೆಯ ಕಡತ ನೆನಪಾಗದೆ ಇರದು. ಈಗ ಕಚೇರಿಯ ಯಾವ ಕಾಗದದ ಕಟ್ಟಿಗೂ ನಾವು ಕಡತವೆನ್ನುತ್ತೇವೆ. ಮೂಲದಲ್ಲಿ ಅದು ಬಟ್ಟೆಯೇ. ಉದ್ದನೆಯ ಹತ್ತಿಬಟ್ಟೆಯ ಪಟ್ಟಿಗೆ ಅಂಟು ಮತ್ತು ಇದ್ದಿಲ ಪುಡಿಯನ್ನು ಎರಡೂ ಬದಿಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಮೈಸೂರಿನ ಇತಿಹಾಸದಲ್ಲಿ ಇದನ್ನು ವರ್ಣಿಸಿದ್ದಾನೆ. ಶ್ಯಾನುಭೋಗರು ಅದರಲ್ಲಿ ಗ್ರಾಮದ ಲೆಕ್ಕ ಇಡುತ್ತಿದ್ದರು: ಇಷ್ಟು ತರಿ, ಇಷ್ಟು ಖುಷ್ಕಿ, ಇಷ್ಟು ಬಾಗಾಯ್ತು, ಇಷ್ಟು ಬೀಳು. ಕೆರೆ ಒಡೆದರೆ ತರಿ ಖುಷ್ಕಿಯಾಗುತ್ತಿತ್ತು, ನೆಲಕ್ಕೆ ಚೌಳು ಹತ್ತಿದರೆ ಬೀಳಾಗುತ್ತಿತ್ತು, ಕಂದಾಯ ಇಳಿಯುತ್ತಿತ್ತು. ರೈತನ ಮೇಲಿನ ಕರುಣೆಯಿಂದ ಹೀಗೆ ಬರೆದರೆಂದು ನಾನು ಹೇಳುತ್ತಿಲ್ಲ. ಸರಕಾರದ ಪಾಲು ಎಷ್ಟು ಬಂದೀತು ಎಂಬ ಚಿಂತೆ ಅದರ ಹಿಂದಿತ್ತು. ಬರದ ಕಾಲದಲ್ಲೂ ಕಂದಾಯ ಕಿತ್ತದ್ದಕ್ಕೆ ಸಾಕ್ಷ್ಯ ಬೇಕಾದಷ್ಟಿದೆ. ಆದರೂ ಒಂದು ಮಾತು ನಿಜ. ನೆಲದ ಗುಣ ಕೆಟ್ಟರೆ ಅದನ್ನು ಬರೆದಿಡಲು ಆ ಲೆಕ್ಕದಲ್ಲಿ ಒಂದು ಅಂಕಣವಿತ್ತು. 1800ರಲ್ಲಿ ವೆಲ್ಲೆಸ್ಲಿಯ ಅಪ್ಪಣೆಯ ಮೇರೆಗೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕೊಯಮತ್ತೂರನ್ನೂ ಹಾದುಹೋದನು. ಅವನು ಕೇಳಿ ಬರೆದುಕೊಂಡದ್ದೂ ಇಂಥ ಸಂಗತಿಗಳನ್ನೇ: ಮಣ್ಣು ಎಂಥದು, ನೀರು ಎಲ್ಲಿಂದ, ಬೆಳೆ ಎಷ್ಟು.

ನೊಯ್ಯಲ್ ದೊಡ್ಡ ನದಿಯಲ್ಲ. ಪಶ್ಚಿಮಘಟ್ಟದ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರುಗಳನ್ನು ಹಾದು, ಸುಮಾರು 180 ಕಿಲೋಮೀಟರ್ ಹರಿದು, ಕರೂರು ಜಿಲ್ಲೆಯಲ್ಲಿ ತನ್ನದೇ ಹೆಸರಿನ ಹಳ್ಳಿಯ ಬಳಿ ಕಾವೇರಿಯನ್ನು ಸೇರುತ್ತದೆ. ಪುರಾಣದಲ್ಲಿ ಅದಕ್ಕೆ ಕಾಂಚಿನದಿ ಎಂಬ ಹೆಸರು. ಘಟ್ಟದ ಮಳೆ ಬಂದಾಗ ತುಂಬುವ, ಉಳಿದ ಕಾಲದಲ್ಲಿ ಸೊರಗುವ ಹೊಳೆ ಅದು. ಘಟ್ಟದ ಮಳೆನೆರಳಿನಲ್ಲಿರುವ ಆ ನಾಡಿನ ಹಿಂದಿನವರು ಇದನ್ನರಿತು ಅಡ್ಡಲಾಗಿ ಸಣ್ಣ ಸಣ್ಣ ಕಟ್ಟೆಗಳನ್ನು ಕಟ್ಟಿ, ಕಾಲುವೆ ತೋಡಿ, ಕೆರೆಯಿಂದ ಕೆರೆಗೆ ನೀರು ಹಾಯಿಸಿದರು. ಉಕ್ಕಡಂ, ಸಿಂಗಾನಲ್ಲೂರು, ಸೂಲೂರು ಮೊದಲಾದ ಕೆರೆಗಳು ಆ ಸರಪಳಿಯವು. ಒಟ್ಟು ಮೂವತ್ತೆರಡು ಕೆರೆಗಳೆಂದು ಎಣಿಸುವುದು ಅಲ್ಲಿನ ವಾಡಿಕೆ. ಕೆರೆಯ ನೀರು ಇಂಗಿ ಬಾವಿಗೆ ಸೇರುತ್ತಿತ್ತು. ನೆಲದಡಿಯ ಆ ನೀರೇ ಆ ಸೀಮೆಯ ಠೇವಣಿ.

ಆ ಠೇವಣಿಯಿಂದ ಹೆಚ್ಚು ಹೆಚ್ಚಾಗಿ ತೆಗೆಯತೊಡಗಿದ್ದು ವಿದ್ಯುತ್ತು ಬಂದ ಮೇಲೆ. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಕೊಯಮತ್ತೂರಿನಲ್ಲಿ ನೂಲುವ ಗಿರಣಿ ಕಟ್ಟಿದ್ದನಷ್ಟೆ. ನೀಲಗಿರಿಯ ಪೈಕಾರ ಜಲವಿದ್ಯುತ್ 1930ರ ದಶಕದ ಆರಂಭದಲ್ಲಿ ಬಂದಾಗ ಗಿರಣಿಗಳು ಸಾಲುಸಾಲಾಗಿ ಎದ್ದವು. ಅದೇ ತಂತಿ ಹೊಲಕ್ಕೂ ಹೋಯಿತು, ಏತದ ಜಾಗದಲ್ಲಿ ಪಂಪು ಕುಳಿತಿತು. ಬಾವಿಗಳು ಆಳವಾಗುತ್ತ ಹೋದವು. ಬೆಳೆ ಹೆಚ್ಚಿದ್ದು ವರಮಾನದ ಲೆಕ್ಕದಲ್ಲಿ ಜಮೆಯಾಯಿತು. ನೀರಿನ ಮಟ್ಟ ಇಳಿದದ್ದು ಎಲ್ಲೂ ಖರ್ಚಾಗಿ ಬೀಳಲಿಲ್ಲ. ಕೊಯಮತ್ತೂರಿನವರು ಕುಡಿಯುವ ಹೆಸರಾಂತ ಶಿರುವಾಣಿ ನೀರೂ ಕೇರಳದ ಪಾಲಕ್ಕಾಡು ಜಿಲ್ಲೆಯ ಕಾಡಿನದೆಂಬುದನ್ನು ನಮ್ಮ ಮಲಯಾಳಿ ಸ್ನೇಹಿತರು ಬಲ್ಲರು. ಒಂದು ಊರಿನ ಹೆಜ್ಜೆ ಆ ಊರಿನ ಎಲ್ಲೆಯೊಳಗೇ ಬೀಳುವುದಿಲ್ಲ ಎಂಬುದಕ್ಕೆ ಇದು ಮೊದಲ ಉದಾಹರಣೆ.

ತಿರುಪ್ಪೂರು ಮೊದಲಿಗೆ ಹತ್ತಿಯ ಸಂತೆಯ ಊರು. ಹೆಣಿಗೆಯ ಬನಿಯನ್ ಅಲ್ಲಿ ತಲೆಯೆತ್ತಿದ್ದು ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ. ಸ್ವಾತಂತ್ರ್ಯ ಹೋರಾಟದಲ್ಲಿ ಧ್ವಜವನ್ನು ಕೈಬಿಡದೆ ಪ್ರಾಣಕೊಟ್ಟ, ಚೆನ್ನಿಮಲೈಯ ನೇಕಾರರ ಮನೆಯ ಮಗ ತಿರುಪ್ಪೂರ್ ಕುಮರನ್ ಏಟು ತಿಂದು ಬಿದ್ದದ್ದೂ 1932ರ ಜನವರಿಯಲ್ಲಿ, ಇದೇ ಊರಿನಲ್ಲಿ. 1980ರ ದಶಕದಲ್ಲಿ ಹೊರದೇಶಗಳ ಬೇಡಿಕೆ ಬಂದಾಗ ಊರು ಗುರುತು ಸಿಗದಂತೆ ಬದಲಾಯಿತು. ಬಿಳಿ ಬನಿಯನ್ನಿನ ಜಾಗದಲ್ಲಿ ಬಣ್ಣದ ಅಂಗಿ ಬಂತು. ಹೊಸ ಯಜಮಾನರಲ್ಲಿ ಬಹಳ ಮಂದಿ ಕೊಂಗು ಸೀಮೆಯ ರೈತಕುಲದವರು, ಹೊಲದಿಂದ ಕಾರ್ಖಾನೆಯ ಕೂಲಿಗೆ ಬಂದು ಅಲ್ಲಿಂದ ಮಾಲೀಕರಾದವರು. ಶರದ್ ಚಾರಿ ಎಂಬ ವಿದ್ವಾಂಸರು 2004ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಏಳಿಗೆಯನ್ನು ಸವಿಸ್ತಾರವಾಗಿ ಬರೆದಿದ್ದಾರೆ. ಅಂದರೆ ಮೇಲ್ಹೊಳೆಯಲ್ಲಿ ಬಣ್ಣ ಬಿಟ್ಟವರೂ ಕೆಳಹೊಳೆಯಲ್ಲಿ ಬಾವಿ ಕಳೆದುಕೊಂಡವರೂ ಅನೇಕ ವೇಳೆ ಒಂದೇ ಕುಲದವರು, ನೆಂಟರೂ ಹೌದು. ಇದನ್ನು ಬಡವ-ಬಲ್ಲಿದರ ಸುಲಭ ಕಥೆಯಾಗಿ ಹೇಳಲು ಹೊರಟವರು ಇಲ್ಲಿ ಎಡವುತ್ತಾರೆ.

ಹತ್ತಿಗೆ ಬಣ್ಣ ಹಿಡಿಸುವ ಬಗೆಯನ್ನು ತುಸು ತಿಳಿದುಕೊಳ್ಳಬೇಕು; ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಈಗಿನ ರಾಸಾಯನಿಕ ಬಣ್ಣ ನೀರಿನಿಂದ ನೂಲಿನೊಳಕ್ಕೆ ಹೋಗಬೇಕಾದರೆ ತೊಟ್ಟಿಗೆ ಉಪ್ಪು ಹಾಕಬೇಕು, ಪ್ರತಿ ಲೀಟರಿಗೆ ಹತ್ತಾರು ಗ್ರಾಂ. ಉಪ್ಪಿನ ಕೆಲಸ ಬಣ್ಣವನ್ನು ನೂಲಿನತ್ತ ತಳ್ಳುವುದಷ್ಟೆ. ಅದು ಬಟ್ಟೆಯಲ್ಲಿ ಉಳಿಯುವುದಿಲ್ಲ, ಸುಟ್ಟುಹೋಗುವುದೂ ಇಲ್ಲ. ಕೊಂಡ ಉಪ್ಪೆಲ್ಲವೂ ತೊಳೆದ ನೀರಿನೊಡನೆ ಹೊರಗೆ ಬರುತ್ತದೆ. ಕಾರ್ಖಾನೆಯ ಖಾತೆಯಲ್ಲಿ ಉಪ್ಪು ಕೊಂಡ ಬಾಬತ್ತು ಇದೆ. ಆ ಉಪ್ಪು ಎಲ್ಲಿಗೆ ಹೋಯಿತೆಂಬ ಬಾಬತ್ತು ಇಲ್ಲ. 2000ರ ಸುಮಾರಿಗೆ ತಿರುಪ್ಪೂರಿನಲ್ಲಿ ಏಳು ನೂರರಷ್ಟು ಬಣ್ಣ ಮತ್ತು ಚಲುವೆ ಘಟಕಗಳಿದ್ದವು. ಅವು ದಿನವೊಂದಕ್ಕೆ ಹೊರಬಿಟ್ಟ ನೀರು ಸುಮಾರು 8 ಕೋಟಿ 31 ಲಕ್ಷ ಲೀಟರ್. ಲೀಟರಿಗೆ ಆರು ಗ್ರಾಂ ಉಪ್ಪಿತ್ತೆಂದು ಇಟ್ಟುಕೊಂಡರೆ ದಿನಕ್ಕೆ 500 ಟನ್; ಹತ್ತು ಟನ್ನಿನ ಐವತ್ತು ಲಾರಿ ಉಪ್ಪನ್ನು ದಿನಾ ತಂದು ಹೊಳೆಗೆ ಸುರಿದಂತೆ.

ಸಾರ್ವಜನಿಕ ಹಣದಲ್ಲಿ ಕಟ್ಟಿದ ಒಂದು ಪಾತ್ರೆ ಈ ಉಪ್ಪಿಗಾಗಿ ಕಾದಿತ್ತು. ತಿರುಪ್ಪೂರಿನ ಕೆಳಗೆ, ಚೆನ್ನಿಮಲೈಗೆ ಸಮೀಪದ ಒರತ್ತುಪ್ಪಾಳ್ಯದಲ್ಲಿ ನೊಯ್ಯಲಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಿ 1992ರಲ್ಲಿ ತೆರೆದರು. ಖರ್ಚು 16 ಕೋಟಿ ರೂಪಾಯಿಗೂ ಮಿಕ್ಕಿ. ಈರೋಡು ಮತ್ತು ಕರೂರಿನ ಹತ್ತು ಸಾವಿರ ಎಕರೆಗೂ ಮೀರಿದ ಹೊಲಗಳಿಗೆ ನೀರುಣಿಸುವುದು ಉದ್ದೇಶ. ಹೊಳೆಯಲ್ಲಿ ಬಂದ ಬಣ್ಣದ ನೀರು ಅಲ್ಲಿ ನಿಂತಿತು. ನಿಂತದ್ದು ನೆಲಕ್ಕೆ ಇಂಗಿ ಸುತ್ತಲಿನ ಬಾವಿಗಳಿಗೆ ಸೇರಿತು. ಕೆಲವೇ ವರ್ಷಗಳಲ್ಲಿ, ನೀರು ಬಿಡಿ ಎಂದು ಕೇಳಬೇಕಾದ ರೈತರು ಬಿಡಬೇಡಿ ಎಂದು ನ್ಯಾಯಾಲಯದ ಮೆಟ್ಟಿಲು ಹತ್ತುವಂತಾಯಿತು. ಮುಂದೆ ಆ ಅಣೆಕಟ್ಟಿನ ಹೂಳು ತೆಗೆದು ಶುದ್ಧಿ ಮಾಡಲು ಬೇಕಾಗುವ ಹಣವೆಂದು ಅಂದಾಜಿಸಿದ್ದು 12.50 ಕೋಟಿ. ಕಟ್ಟಲು ಹದಿನಾರು, ತೊಳೆಯಲು ಹನ್ನೆರಡೂವರೆ. ಈ ಎರಡೂ ಮೊತ್ತಗಳು ದೇಶದ ಉತ್ಪನ್ನದ ಲೆಕ್ಕದಲ್ಲಿ ಸೇರುವುದು ಕೂಡುವ ಬದಿಯಲ್ಲಿ ಎಂಬುದೇ ವಿಚಿತ್ರ.

ಈ ವಿಚಿತ್ರ ಎಲ್ಲಿಂದ ಬಂತು? ಸ್ವತಂತ್ರ ಭಾರತದ ರಾಷ್ಟ್ರೀಯ ವರಮಾನವನ್ನು ಎಣಿಸಲು 1949ರಲ್ಲಿ ನೇಮಿಸಿದ ಸಮಿತಿಯಲ್ಲಿ ಮಹಾಲನೋಬಿಸ್, ಗಾಡ್ಗೀಳರೊಡನೆ ಇದ್ದ ಮೂರನೆಯವರು ವಿ.ಕೆ.ಆರ್.ವಿ. ರಾವ್. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಬಂದು, 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಬ್ರಿಟಿಷ್ ಭಾರತದ 1931-32ನೇ ಸಾಲಿನ ವರಮಾನವನ್ನು ಅವರು ಆ ಮೊದಲೇ ಎಣಿಸಿದ್ದರು. ಒಂದು ಬಡದೇಶ ವರ್ಷಕ್ಕೆ ಎಷ್ಟು ದುಡಿಯುತ್ತದೆಂದು ತಿಳಿಯುವುದೇ ಆಗಿನ ಮಹತ್ಕಾರ್ಯ. ಅವರನ್ನು ದೂರುವುದು ಸಲ್ಲ. ಯಂತ್ರ ಸವೆದರೆ ಸವಕಳಿ ಕಳೆಯುವ ಕ್ರಮ ಆ ಲೆಕ್ಕದಲ್ಲಿತ್ತು. ಹೊಳೆ ಸವೆದೀತೆಂದು ಆಗ ಲೆಕ್ಕಿಗರು ಎಣಿಸಲಿಲ್ಲ.

ಎಣಿಸಿದವರೊಬ್ಬರು ತಮಿಳುನಾಡಿನಲ್ಲೇ ಇದ್ದರು. ತಂಜಾವೂರಿನಲ್ಲಿ 1892ರಲ್ಲಿ ಹುಟ್ಟಿದ ಜೆ.ಸಿ. ಕುಮಾರಪ್ಪ. ಅವರು ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ ಕಲಿತು ಮುಂಬಯಿಯಲ್ಲಿ ಅದೇ ವೃತ್ತಿ ನಡೆಸಿ, ಬಳಿಕ ಗಾಂಧೀಜಿಯ ಬಳಿಗೆ ಬಂದವರು. ಶಾಶ್ವತ ಅರ್ಥವ್ಯವಸ್ಥೆಯನ್ನು ಕುರಿತು 1940ರ ದಶಕದಲ್ಲಿ ಜೈಲಿನಲ್ಲಿ ಬರೆದ ಪುಸ್ತಕದಲ್ಲಿ, ಭೂಮಿಯಲ್ಲಿ ಇಷ್ಟೇ ಎಂದಿರುವ ಕಲ್ಲಿದ್ದಲು, ಎಣ್ಣೆಗಳನ್ನು ತೆಗೆದು ಬಾಳುವುದು ಬೇರೆ, ಕಾಡು ಪ್ರತಿವರ್ಷ ಬೆಳೆದುಕೊಡುವಷ್ಟನ್ನೇ ಕಡಿದು ಬಾಳುವುದು ಬೇರೆ ಎಂದು ಅವರು ಬಿಡಿಸಿ ಹೇಳಿದರು. ಗಾಂಧಿವಾದಿಯ ಮಾತೆಂದು ಅದನ್ನು ಪಕ್ಕಕ್ಕಿಟ್ಟವರು ಅದು ಒಬ್ಬ ಲೆಕ್ಕಪರಿಶೋಧಕನ ಮಾತೆಂಬುದನ್ನು ಮರೆತರು. ಅಸಲನ್ನು ಕರಗಿಸಿ ಉಂಡು ಅದನ್ನು ಆದಾಯವೆಂದು ಬರೆಯಕೂಡದು ಎಂಬುದು ಆ ವೃತ್ತಿಯ ಮೊದಲ ಪಾಠ.

ಆ ಪಾಠ ನೊಯ್ಯಲಿಗೆ ಬಂದದ್ದು ವಿಶ್ವವಿದ್ಯಾಲಯದಿಂದಲೂ ಅಲ್ಲ, ಯೋಜನಾ ಆಯೋಗದಿಂದಲೂ ಅಲ್ಲ, ನ್ಯಾಯಾಲಯದಿಂದ. 1996ರ ಆಗಸ್ಟ್ 28ರಂದು ಸರ್ವೋಚ್ಚ ನ್ಯಾಯಾಲಯ ವೆಲ್ಲೂರು ಸೀಮೆಯ ಚರ್ಮದ ಕಾರ್ಖಾನೆಗಳ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟು, ಕೆಡಿಸಿದವನೇ ತೆರಬೇಕೆಂಬ ತತ್ತ್ವವನ್ನು ಈ ದೇಶದ ಕಾನೂನಿನ ಭಾಗವೆಂದು ಸಾರಿತು. ಅದರ ಫಲವಾಗಿ ತಮಿಳುನಾಡಿಗೆ ಪರಿಸರ ನಷ್ಟದ ಪ್ರಾಧಿಕಾರವೊಂದು ಬಂತು. ಅದೇ ವರ್ಷ ಕರೂರಿನ ನೊಯ್ಯಲ್ ಕಾಲುವೆಯ ರೈತರು ಮದರಾಸು ಉಚ್ಚ ನ್ಯಾಯಾಲಯಕ್ಕೆ ಹೋಗಿದ್ದರು. 1998ರಲ್ಲಿ ಶುದ್ಧೀಕರಣದ ಏರ್ಪಾಡಿಲ್ಲದ ಘಟಕಗಳನ್ನು ಮುಚ್ಚಲು ಆದೇಶವಾಯಿತು. ಸಾಮೂಹಿಕ ಶುದ್ಧೀಕರಣ ಕೇಂದ್ರಗಳು ಬಂದವು. ಅವು ಬಣ್ಣವನ್ನು ತೆಗೆದವು, ಕರಗಿದ ಉಪ್ಪನ್ನು ತೆಗೆಯಲಿಲ್ಲ. ನೋಡಲು ತಿಳಿಯಾದ, ನಾಲಗೆಗೆ ಉಪ್ಪಾದ ನೀರು ಹರಿಯತೊಡಗಿತು. 2003ರಲ್ಲಿ ನೊಯ್ಯಲ್ ಅಚ್ಚುಕಟ್ಟಿನ ರೈತರ ಸಂಘ ಮತ್ತೆ ನ್ಯಾಯಾಲಯಕ್ಕೆ ಹೋಯಿತು. ಆ ವೇಳೆಗೆ ಮದರಾಸಿನ ಅರ್ಥಶಾಸ್ತ್ರ ಶಾಲೆಯ ಪಾಲ್ ಅಪ್ಪಸಾಮಿ ಮತ್ತು ಪ್ರಕಾಶ್ ನೆಲ್ಲಿಯಾಟ್ ತಿರುಪ್ಪೂರಿನ ನೀರಿನ ಮಾಲಿನ್ಯದಿಂದ ಬೇಸಾಯಕ್ಕೆ, ಕುಡಿಯುವ ನೀರಿಗೆ, ಮೀನುಗಾರಿಕೆಗೆ ಆದ ಹಾನಿಯನ್ನು ರೂಪಾಯಿಗಳಲ್ಲಿ ಎಣಿಸುವ ಅಧ್ಯಯನ ಮಾಡಿದ್ದರು. ಇಂಥ ಕೆಲಸ ನಮ್ಮ ದೇಶದಲ್ಲಿ ಆಗ ವಿರಳವಾಗಿತ್ತು.

2004ರ ಡಿಸೆಂಬರಿನಲ್ಲಿ ಪ್ರಾಧಿಕಾರ ತನ್ನ ಲೆಕ್ಕ ಮುಂದಿಟ್ಟಿತು. 2002ರ ಆಗಸ್ಟ್ 28ರಿಂದ 2004ರ ಕೊನೆಯವರೆಗಿನ ನಷ್ಟಕ್ಕೆ, 68 ಗ್ರಾಮಗಳ 28,596 ರೈತರಿಗೆ, 1,46,389 ಎಕರೆಗೆ, 24 ಕೋಟಿ 79 ಲಕ್ಷ 98 ಸಾವಿರದ 548 ರೂಪಾಯಿ. ಐನೂರ ನಲವತ್ತೆಂಟು ರೂಪಾಯಿಯವರೆಗೂ ಬಿಡದೆ ಬರೆದ ಈ ಅಂಕಿಯನ್ನು ಓದಿದಾಗ ನನಗೆ ಹಳೆಯ ಶ್ಯಾನುಭೋಗರೇ ನೆನಪಾದರು. ಹೊಳೆಯೊಂದರ ಹಾನಿಗೆ ಈ ಸೀಮೆಯಲ್ಲಿ ಸರಕಾರಿ ಮುದ್ರೆಯೊಡನೆ ಬಿದ್ದ ಮೊದಲ ದೊಡ್ಡ ಖರ್ಚಿನ ಬಾಬತ್ತು ಅದು. ಅದನ್ನು ಕಡಿಮೆಯೆಂದು ಎಣಿಸಬಾರದು.

ಆದರೂ ಭಾಗಾಕಾರ ಮಾಡಿ ನೋಡೋಣ. ರೈತನೊಬ್ಬನಿಗೆ ಸರಾಸರಿ 8,672 ರೂಪಾಯಿ. ಎಕರೆಗೆ 1,694. ಅವಧಿ ಇಪ್ಪತ್ತೆಂಟು ತಿಂಗಳು, ಆದ್ದರಿಂದ ಎಕರೆಗೆ ತಿಂಗಳಿಗೆ ಅರವತ್ತು ರೂಪಾಯಿ. ಆ ಕಾಲದ ಒಂದು ಸಾಧಾರಣ ಬನಿಯನ್ನಿನ ಬೆಲೆಯ ಆಸುಪಾಸು. ಇನ್ನೊಂದು ಹೋಲಿಕೆ. 2006ರ ಡಿಸೆಂಬರ್ 22ರಂದು ಉಚ್ಚ ನ್ಯಾಯಾಲಯವು, ಹೊರಬಿಟ್ಟ ನೀರಿಗೆ 2007ರ ಜನವರಿಯಿಂದ ಲೀಟರಿಗೆ 6 ಪೈಸೆ, ಏಪ್ರಿಲಿನಿಂದ 8 ಪೈಸೆ, ಜೂನ್-ಜುಲೈಯಲ್ಲಿ 10 ಪೈಸೆ ದಂಡ ತೆರಬೇಕೆಂದು ಆದೇಶಿಸಿತು. ಮೇಲೆ ಹೇಳಿದ 8.31 ಕೋಟಿ ಲೀಟರಿಗೆ 6 ಪೈಸೆಯಂತೆ ದಿನಕ್ಕೆ ಸುಮಾರು 50 ಲಕ್ಷ ರೂಪಾಯಿಯಾಗುತ್ತದೆ. ಹೀಗೆ ನೋಡಿದರೆ 68 ಗ್ರಾಮಗಳ ಇಪ್ಪತ್ತೆಂಟು ತಿಂಗಳ ನಷ್ಟ, ಅತಿ ಕಡಿಮೆ ದರದ ಐವತ್ತು ದಿನಗಳ ದಂಡಕ್ಕೆ ಸಮ. ಎರಡೂ ಒಂದೇ ವಿವಾದದ ಅಂಕಿಗಳು. ಒಂದು ನೀರಿಗೆ ಕಟ್ಟಿದ ಬೆಲೆ, ಇನ್ನೊಂದು ನೆಲಕ್ಕೆ ಕಟ್ಟಿದ ಬೆಲೆ; ಅವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಿದರೆ ತಾಳೆಯಾಗುವುದಿಲ್ಲ. ತಾಳೆಯಾಗದಿರಲು ಕಾರಣವಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಪ್ರಾಧಿಕಾರ ಎಣಿಸಿದ್ದು ಬಡ್ಡಿಯನ್ನು. ಇಂತಿಷ್ಟು ತಿಂಗಳು ಕೈಗೆ ಬರಬೇಕಾಗಿದ್ದ ಫಸಲು ಬರಲಿಲ್ಲ, ಅದಕ್ಕೆ ಇಷ್ಟು. ಆದರೆ ಬಾವಿಗೆ ಇಳಿದ ಉಪ್ಪು 2004ರ ಡಿಸೆಂಬರ್ 31ಕ್ಕೆ ಹೊರಟುಹೋಗುವುದಿಲ್ಲ. ಚೌಳಾದ ಮಣ್ಣು ಮರುದಿನ ಹದಕ್ಕೆ ಬರುವುದಿಲ್ಲ. ಮಣ್ಣು ಮತ್ತು ನೆಲದಡಿಯ ನೀರು ಅಸಲು. ಅಸಲು ಕರಗಿದ್ದರ ಬಾಬತ್ತು ಯಾವ ಅಂಕಣದಲ್ಲೂ ಬೀಳಲಿಲ್ಲ. ಪ್ರಕೃತಿಯ ಬಂಡವಾಳ ಎಂದು ಈಚೆಗೆ ಪಂಡಿತರು ಹೇಳುತ್ತಿರುವುದರ ತಿರುಳು ಇಷ್ಟೇ. ಮನೆಯ ಅಡಿಕೆ ತೋಟದ ಒಂದು ವರ್ಷದ ಕೊಯ್ಲು ಹೋದದ್ದಕ್ಕೂ ತೋಟವೇ ಹೋದದ್ದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಯಾವ ಹಿರಿಯರೂ ಬಲ್ಲರು.

ಲೋಕದಲ್ಲಿ ಈ ವ್ಯತ್ಯಾಸವನ್ನು ರಾಷ್ಟ್ರದ ಲೆಕ್ಕಕ್ಕೆ ತರುವ ಯತ್ನಗಳು ನಡೆದೇ ಇವೆ. 1989ರಲ್ಲಿ ರಾಬರ್ಟ್ ರೆಪೆಟ್ಟೊ ಮತ್ತು ಸಂಗಡಿಗರು ಇಂಡೋನೇಷ್ಯದ ವರಮಾನದಿಂದ ಅಲ್ಲಿನ ಎಣ್ಣೆ, ಮರ, ಮಣ್ಣಿನ ಸವಕಳಿಯನ್ನು ಕಳೆದು ತೋರಿಸಿದರು. ವಿಶ್ವಸಂಸ್ಥೆ 1993ರಲ್ಲಿ ಕೈಪಿಡಿ ತಂದು, 2012ರಲ್ಲಿ ಪರಿಸರ ಲೆಕ್ಕದ ಮುಖ್ಯ ಚೌಕಟ್ಟನ್ನೂ 2021ರಲ್ಲಿ ಜೀವಪರಿಸರಗಳ ಲೆಕ್ಕದ ಕ್ರಮವನ್ನೂ ಅಂಗೀಕರಿಸಿತು. ನಮ್ಮ ಕೇಂದ್ರ ಸರಕಾರ ಪಾರ್ಥ ದಾಸ್‌ಗುಪ್ತಾ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ 2013ರಲ್ಲಿ ವರದಿ ಕೊಟ್ಟಿತು. 2018ರಿಂದ ಅಂಕಿಸಂಖ್ಯೆಗಳ ಇಲಾಖೆ ಪರಿಸರದ ಲೆಕ್ಕಗಳನ್ನು ಪ್ರಕಟಿಸುತ್ತಿದೆ. ವಿಶ್ವಸಂಸ್ಥೆಯ ಜೊತೆಗಿನ ಯೋಜನೆಯಲ್ಲಿ ಪ್ರಯೋಗಕ್ಕೆ ಆಯ್ದುಕೊಂಡ ರಾಜ್ಯ ಕರ್ನಾಟಕವೇ. ಆದರೆ ದೇಶದ ಸರಾಸರಿಯಲ್ಲಿ ನೊಯ್ಯಲಿನಂಥ ಕಿರುಹೊಳೆ ಕರಗಿಹೋಗುತ್ತದೆ.

ಹೆಜ್ಜೆಗುರುತಿನ ಲೆಕ್ಕ ಇನ್ನೊಂದು ಬಗೆಯದು. ಕೆನಡಾದ ವಿಲಿಯಂ ರೀಸ್ ಮತ್ತು ಮ್ಯಾಥಿಸ್ ವಾಕರ್ನಾಗೆಲ್ 1990ರ ದಶಕದಲ್ಲಿ, ಒಂದು ಊರು ತನ್ನ ಬಾಳುವೆಗೆ ಊರಿನಾಚೆ ಎಷ್ಟು ನೆಲವನ್ನು ಬಳಸುತ್ತದೆಂದು ಎಣಿಸುವ ಕ್ರಮ ಹಾಕಿಕೊಟ್ಟರು. 2002ರಲ್ಲಿ ನೆದರ್ಲೆಂಡಿನ ಆರ್ಯೆನ್ ಹುಕ್‌ಸ್ಟ್ರಾ ಅದನ್ನು ನೀರಿಗೆ ಅನ್ವಯಿಸಿದರು. ಅವರ ಲೆಕ್ಕದಂತೆ ಒಂದು ಹತ್ತಿ ಅಂಗಿಗೆ ಲೋಕದ ಸರಾಸರಿಯಲ್ಲಿ ಸುಮಾರು 2,500 ಲೀಟರ್ ನೀರು ಬೇಕು, ಬಹುಪಾಲು ಹತ್ತಿ ಬೆಳೆಯುವ ಹೊಲದಲ್ಲಿ. ಕೆಟ್ಟ ನೀರನ್ನು ಮತ್ತೆ ಬಳಕೆಗೆ ಯೋಗ್ಯವಾಗುವಷ್ಟು ತೆಳುವಾಗಿಸಲು ಎಷ್ಟು ಒಳ್ಳೆಯ ನೀರು ಬೆರೆಸಬೇಕು ಎಂಬುದೂ ಆ ಕ್ರಮದಲ್ಲಿ ಸೇರುತ್ತದೆ. ತಿರುಪ್ಪೂರಿಗೆ ಇದನ್ನು ಹಚ್ಚಿ ನೋಡಬಹುದು. ಹೊರಬಂದ ನೀರಿನಲ್ಲಿ ಲೀಟರಿಗೆ ಆರು ಗ್ರಾಂ ಉಪ್ಪು, ಹೊರಬಿಡಲು ತಮಿಳುನಾಡಿನ ನಿಯಮ ಒಪ್ಪುವ ಮಿತಿ 2.1 ಗ್ರಾಂ, ಬೆರೆಸುವ ಹೊಳೆನೀರಿನಲ್ಲಿ ಅರ್ಧ ಗ್ರಾಂ ಎಂದಿಟ್ಟುಕೊಳ್ಳಿ. ಆಗ ಪ್ರತಿ ಲೀಟರಿಗೆ ಎರಡೂವರೆ ಲೀಟರಿನಷ್ಟು ಒಳ್ಳೆಯ ನೀರು ಬೇಕು. ದಿನಕ್ಕೆ 20 ಕೋಟಿ ಲೀಟರ್. ನೊಯ್ಯಲಿನಲ್ಲಿ ಬೇಸಗೆಯಲ್ಲಿ ಅಷ್ಟು ನೀರೆಲ್ಲಿದೆ? ತಿರುಪ್ಪೂರಿನ ಕಾರ್ಖಾನೆಗಳಿಗೂ ಊರಿಗೂ ನೀರು ಕೊಡಲು 2005ರ ಸುಮಾರಿಗೆ ಮುಗಿಸಿದ ಕಾವೇರಿ ಯೋಜನೆಯ ಇಡೀ ಸಾಮರ್ಥ್ಯವೇ ದಿನಕ್ಕೆ 18.5 ಕೋಟಿ ಲೀಟರ್. ಭವಾನಿಯ ಬಳಿ ಕಾವೇರಿಯಿಂದ ಎತ್ತಿ ಐವತ್ತು ಕಿಲೋಮೀಟರಿಗೂ ದೂರ ಕೊಳವೆಯಲ್ಲಿ ತಂದ ನೀರು ಅದು. ಕೊಡಗಿನ ಮಳೆ ಮೈಸೂರನ್ನು ಹಾದು, ಮೆಟ್ಟೂರನ್ನು ದಾಟಿ, ಯಾವುದೋ ದೂರದೇಶದವನ ಅಂಗಿಯ ಬಣ್ಣ ತೊಳೆಯುತ್ತದೆ. ಕಾವೇರಿಗಾಗಿ ಎರಡು ರಾಜ್ಯಗಳು ಕಾದಾಡುವಾಗ ಈ ರಫ್ತಿನ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಉಳಿದ ಇತಿಹಾಸವನ್ನು ಬೇಗ ಹೇಳಬಹುದು. ಉಚ್ಚ ನ್ಯಾಯಾಲಯದ ದಂಡದ ಆದೇಶವನ್ನು ಬಣ್ಣದ ಕಾರ್ಖಾನೆಗಳ ಸಂಘ ಪ್ರಶ್ನಿಸಿತು. 2009ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ರೈತರ ಪರವಾಗಿ ನಿಂತು, ನಷ್ಟಪರಿಹಾರವಷ್ಟೇ ಅಲ್ಲ, ಕೆಟ್ಟ ಪರಿಸರವನ್ನು ಸರಿಪಡಿಸುವ ಖರ್ಚೂ ಕೆಡಿಸಿದವರದೇ ಎಂದಿತು. ಅಸಲಿನ ಮಾತು ಕಾನೂನಿನ ಬಾಯಲ್ಲಿ ಬಂದದ್ದು ಅಲ್ಲಿ. ಆದೇಶ ಪಾಲನೆಯಾಗಲಿಲ್ಲವೆಂದು 2011ರ ಜನವರಿ 28ರಂದು ಉಚ್ಚ ನ್ಯಾಯಾಲಯ ತಿರುಪ್ಪೂರಿನ ಬಣ್ಣದ ಘಟಕಗಳನ್ನೆಲ್ಲ ಮುಚ್ಚಿಸಿತು. ಕೂಲಿಗೆಂದು ದೂರದ ಜಿಲ್ಲೆಗಳಿಂದ ಬಂದಿದ್ದವರು ಗಂಟುಮೂಟೆ ಕಟ್ಟಿದರು. ಅವರ ನಷ್ಟವನ್ನು ಎಣಿಸಲು ಯಾವ ಪ್ರಾಧಿಕಾರವೂ ಇರಲಿಲ್ಲ. ಹನಿ ನೀರನ್ನೂ ಹೊರಬಿಡದೆ, ಆವಿಮಾಡಿ, ಉಪ್ಪನ್ನು ಬೇರ್ಪಡಿಸಿ, ನೀರನ್ನು ಮತ್ತೆ ಬಳಸುವ ಕ್ರಮಕ್ಕೆ ಹೊಂದಿಕೊಂಡವರು ಕ್ರಮೇಣ ಮತ್ತೆ ಬಾಗಿಲು ತೆರೆದರು. ಇದಕ್ಕಾಗಿ ರಾಜ್ಯ ಸರಕಾರ ಬಡ್ಡಿಯಿಲ್ಲದ ಸಾಲ ಕೊಟ್ಟಿತು. ಇದು ನಿಜವಾದ ಸುಧಾರಣೆ, ಹೊಗಳಬೇಕಾದದ್ದೇ. ಆದರೆ ನೀರನ್ನು ಆವಿಮಾಡಲು ಉರಿ ಬೇಕು, ಉರಿಗೆ ಸೌದೆಯೋ ಕಲ್ಲಿದ್ದಲೋ ಬೇಕು. ಮತ್ತೆ ಬಳಸಲಾಗದ ಮಿಶ್ರ ಉಪ್ಪು ಚೀಲ ಚೀಲವಾಗಿ ಕೇಂದ್ರಗಳ ಅಂಗಳದಲ್ಲಿ ಉಳಿಯುತ್ತದೆ. ನೀರಿನ ಅಂಕಣದಿಂದ ತೆಗೆದದ್ದು ಗಾಳಿಯ ಅಂಕಣಕ್ಕೂ ನೆಲದ ಅಂಕಣಕ್ಕೂ ವರ್ಗವಾಯಿತು. ಎಲ್ಲ ಅಂಕಣಗಳೂ ಒಂದೇ ಪುಸ್ತಕದಲ್ಲಿಲ್ಲದಿದ್ದರೆ ಈ ವರ್ಗಾವಣೆ ಕಣ್ಣಿಗೆ ಬೀಳುವುದೇ ಇಲ್ಲ.

ಇದನ್ನು ಓದುವ ನಮ್ಮವರಿಗೆ ಎಣ್ಮಕಜೆ, ಪಡ್ರೆಗಳ ನೆನಪು ಬಾರದಿರದು. ಗೇರುತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದಕ್ಕೆ, 2017ರ ಜನವರಿ 10ರಂದು ಸರ್ವೋಚ್ಚ ನ್ಯಾಯಾಲಯ ಸಂತ್ರಸ್ತರಿಗೆ ಐದೈದು ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಅಲ್ಲಿ ಲೆಕ್ಕಕ್ಕೆ ಬಂದದ್ದು ಮನುಷ್ಯದೇಹ. ಸುರಂಗದ ನೀರು, ತೋಡು, ಜೇನು ಬರಲಿಲ್ಲ. ನೊಯ್ಯಲಿನಲ್ಲಿ ಲೆಕ್ಕಕ್ಕೆ ಬಂದದ್ದು ಎಕರೆ. ಆ ನೀರು ಕುಡಿದವರ ದೇಹ ಬರಲಿಲ್ಲ. ಎರಡೂ ಊರಿನವರು ಕೂತು ಮಾತಾಡಿದರೆ ಒಂದು ಪೂರ್ಣ ಪಟ್ಟಿ ಆದೀತೇನೋ.

ಕೆಲವು ವರ್ಷಗಳ ಹಿಂದೆ ಚೆನ್ನಿಮಲೈಯಲ್ಲಿ ಪರಿಚಯದ ನೇಕಾರರೊಬ್ಬರ ಮನೆಯಲ್ಲಿ ತಂಗಿದ್ದೆ. ಅವರ ಮನೆಯ ಕನ್ನಡ ನನ್ನ ಕಿವಿಗೆ ಹಿಡಿಯಲು ಅರ್ಧ ದಿನ ಬೇಕಾಯಿತು. ಮರುದಿನ ಅವರು ನನ್ನನ್ನು ಹೊಳೆಬದಿಯ ಒಬ್ಬ ಮುದುಕರ ಬಳಿಗೆ ಕರೆದೊಯ್ದರು. ಹಳೆಯ ಕಟ್ಟೆಯ ಕಾಲುವೆಯ ಬುಡದಲ್ಲಿ ಅವರದು ಎರಡು ಎಕರೆ. ಒಂದು ಮೂಲೆಯಲ್ಲಿ ಜಾಲಿ ಬೆಳೆದಿತ್ತು, ಉಳಿದಲ್ಲಿ ಬಿಳಿಯ ಹೊಟ್ಟು ಎದ್ದ ನೆಲ. ಬಾವಿಯ ನೀರನ್ನು ಅಂಗೈಯಲ್ಲಿ ತೆಗೆದು ನಾಲಗೆಗೆ ಮುಟ್ಟಿಸಿಕೊಳ್ಳಲು ಹೇಳಿದರು, ನಾನು ಮುಟ್ಟಿಸಿಕೊಂಡೆ. ಆಮೇಲೆ ಒಳಗಿನಿಂದ ತಗಡಿನ ಪೆಟ್ಟಿಗೆ ತಂದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಜಮೀನಿನ ಪಟ್ಟಾವನ್ನು ಬಿಡಿಸಿ ಮುಂದಿಟ್ಟರು. ನನಗೆ ತಮಿಳು ಓದು ಅಷ್ಟಾಗಿ ಬಾರದೆಂದು ನನ್ನ ಆತಿಥೇಯರು ಬೆರಳಿಟ್ಟು ಓದಿ ಹೇಳಿದರು. ನೆಲದ ಬಗೆ ಎಂಬಲ್ಲಿ ‘ನಂಜೈ’ ಎಂದಿತ್ತು. ನಮ್ಮ ಮಾತಿನಲ್ಲಿ ತರಿ.